ಮೊದಲು ನೀರು, ಆಮೇಲೆ ಪೆಟ್ರೋಲ್

2024ರ ನವೆಂಬರ್ 17, ಭಾನುವಾರ, ರಾತ್ರಿ

ನಮ್ಮ ಕಾರಿನ ಎಂಜಿನ್ ಅತಿಯಾಗಿ ಕಾಯುತ್ತಿದೆ. “ಥರ್ಮೋಸ್ಟಾಟ್ ಕಿತ್ತುಹಾಕು, ಎಂಜಿನ್ ತಾನಾಗಿಯೇ ತಣ್ಣಗಿರುತ್ತದೆ” ಎಂದು ಸಂಜೆ ಅಣ್ಣ ಹೇಳಿದ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಅವನ ಕೈ ಪಳಗಿರುವುದು ಪಿಸ್ಟನ್ ಎಂಜಿನ್‌ಗಳಲ್ಲಿ. ನಮ್ಮ ಮಜ್ದಾ ಆರ್‌ಎಕ್ಸ್-7ರ 12ಎ ಎಂಬ, ಪಿಸ್ಟನ್ನಿನ ಬದಲು ಹೌಸಿಂಗ್ ಎಂಬ ಗೂಡಿನೊಳಗೆ ಮೂರು ಮೂಲೆಯ ರೋಟರ್ ಸುತ್ತುವ ರೋಟರಿ ಎಂಜಿನ್‌ನಲ್ಲಿ ಥರ್ಮೋಸ್ಟಾಟ್‌ಗೆ ಎರಡು ಕೆಲಸಗಳಿವೆ: ನೀರು ಬಿಸಿಯಾದಾಗ ಅದು ರೇಡಿಯೇಟರಿನ ದಾರಿಯನ್ನು ತೆರೆಯುತ್ತದೆ, ಅದೇ ಚಲನೆಯಲ್ಲಿ ತನ್ನ ಕೆಳಗಿನ ಬಿಲ್ಲೆಯಿಂದ ನೀರು ರೇಡಿಯೇಟರಿಗೆ ಹೋಗದೆ ಮರಳುವ ಬೈಪಾಸ್ ರಂಧ್ರವನ್ನು ಮುಚ್ಚುತ್ತದೆ. ಅದನ್ನು ತೆಗೆದರೆ, ಅಥವಾ ಆ ಬಿಲ್ಲೆಯೇ ಇಲ್ಲದ ಬೇರೊಂದನ್ನು ಕೂರಿಸಿದರೆ, ನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಎಂಜಿನ್ನಿನೊಳಗೆ ಸುತ್ತುತ್ತಲೇ ಇರುತ್ತದೆ. ತಣಿಯಲೆಂದು ಮಾಡಿದ ಉಪಾಯವೇ ಎಂಜಿನ್ನನ್ನು ಕಾಯಿಸುತ್ತದೆ.

ಇದನ್ನು ವಿವರಿಸಿದಾಗ ಅವನು ಸುಮ್ಮನೆ ಕೇಳಿಸಿಕೊಂಡು, “ಹಾಗಿದ್ದರೆ ತಾಪಮಾಪಕದ ಮುಳ್ಳು ಯಾಕೆ ಮೇಲೇರುತ್ತಿದೆ, ಅದನ್ನು ಹೇಳು” ಎಂದ. ಪ್ರಶ್ನೆ ನ್ಯಾಯವಾದದ್ದೇ. ಗಾಡಿ ನಿಂತಿದ್ದಾಗ ಮುಳ್ಳು ಏರುತ್ತದೆ, ಓಡತೊಡಗಿದರೆ ಇಳಿಯುತ್ತದೆ. ಅಂದರೆ ಓಟದ ಗಾಳಿ ಸಿಕ್ಕಾಗ ರೇಡಿಯೇಟರ್ ತನ್ನ ಕೆಲಸವನ್ನು ಮಾಡುತ್ತಿದೆ, ಆ ಗಾಳಿ ಇಲ್ಲದಾಗ ಫ್ಯಾನ್ ಸಾಲುತ್ತಿಲ್ಲ. ವೇಗದಲ್ಲಿ ಏರಿದ್ದರೆ ನಾನು ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿವೆಯೆಂದು ಶಂಕಿಸುತ್ತಿದ್ದೆ. ಬಿಸಿ ಎಂಜಿನ್ನನ್ನು ಆರಿಸಿ ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಅದು ಯಾವ ಬಿಗಿತವೂ ಇಲ್ಲದೆ ಸಲೀಸಾಗಿ ಸುತ್ತಿತು. ಬಿಸಿಯಾದಾಗ ಫ್ಯಾನನ್ನು ಎಂಜಿನ್ನಿನ ಓಟಕ್ಕೆ ಬಿಗಿಯಾಗಿ ಹಿಡಿಯಬೇಕಾದ ಫ್ಯಾನ್ ಕ್ಲಚ್ಚಿಗೆ ವಯಸ್ಸಾಗಿದೆ, ಬದಲಿಸಲೇಬೇಕು.

“ಅದು ಬರುವವರೆಗೆ ಕಾರ್ಬ್ಯುರೇಟರನ್ನಾದರೂ ಸರಿಮಾಡೋಣ, ಐಡಲ್ ಕುಂಟುತ್ತಿದೆಯಲ್ಲ” ಎಂದ ಅಣ್ಣ. ಕಾರ್ಬ್ಯುರೇಟರ್ ಎಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ, ಐಡಲ್ ಎಂದರೆ ಗಾಡಿ ನಿಂತಿದ್ದಾಗಿನ ಎಂಜಿನ್ನಿನ ಓಟ. ನಾನು ಒಪ್ಪಲಿಲ್ಲ. ಈ ಎಂಜಿನ್‌ನಲ್ಲಿ ಗಾಳಿ ಒಳಬರುವುದೂ ಹೊಗೆ ಹೊರಹೋಗುವುದೂ ಒಂದೇ ಬದಿಯಲ್ಲಿ. ಹೊಗೆ ಸಾಗಿಸುವ, ಕೆಂಡದಂತೆ ಕಾಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲ್ಗಡೆಯೇ ಕಾರ್ಬ್ಯುರೇಟರ್ ಕುಳಿತಿದೆ. ಬಾನೆಟ್ಟಿನ ಕೆಳಗೆ ಬಿಸಿ ಮಿತಿಮೀರಿದಾಗ ಕಾರ್ಬ್ಯುರೇಟರಿನ ಫ್ಲೋಟ್ ತೊಟ್ಟಿಯ ಪೆಟ್ರೋಲ್ ಕುದಿದು ಮಿಶ್ರಣವನ್ನು ಕೆಡಿಸುತ್ತದೆ. ಅಂಥ ಹೊತ್ತಿನಲ್ಲಿ ಪೆಟ್ರೋಲಿನ ಪಾಲು ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಹೊಂದಿಸಿದ ಐಡಲ್, ಬಿಸಿ ಹತೋಟಿಗೆ ಬಂದ ದಿನ ಮತ್ತೆ ತಪ್ಪಿಹೋಗುತ್ತದೆ. ಇನ್ನೂ ದೊಡ್ಡ ಭಯವೆಂದರೆ, ಭಾರ ಹೊತ್ತು ಓಡುವಾಗ ಪೆಟ್ರೋಲ್ ಕಡಿಮೆಯಾದರೆ ಉರಿಯ ತಾಪ ಏರುತ್ತದೆ, ಮತ್ತು ರೋಟರಿ ಎಂಜಿನ್ ಅದನ್ನು ಕ್ಷಮಿಸುವುದಿಲ್ಲ. ಉರಿ ಹೊತ್ತುವುದು ಯಾವಾಗಲೂ ಹೌಸಿಂಗಿನ ಒಂದೇ ಮಗ್ಗುಲಲ್ಲಿ. ತಣ್ಣನೆಯ ಹೊಸ ಗಾಳಿ ಆ ಜಾಗವನ್ನು ಎಂದೂ ತಾಕುವುದಿಲ್ಲ. ಅಲ್ಯೂಮಿನಿಯಮ್ಮಿನ ರೋಟರ್ ಹೌಸಿಂಗ್, ಎರಡೂ ಪಕ್ಕಗಳಲ್ಲಿ ಎರಕದ ಕಬ್ಬಿಣದ ಹೌಸಿಂಗ್. ಬಿಸಿಗೆ ಮೊದಲನೆಯದು ಎರಡನೆಯದಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇವುಗಳ ನಡುವೆ ನೀರನ್ನು ತಡೆದು ನಿಲ್ಲಿಸಿರುವುದು ತೆಳುವಾದ ರಬ್ಬರ್ ಸೀಲ್. ಒಮ್ಮೆ ಅತಿಯಾಗಿ ಕಾದು ಅದು ಸೋತರೆ, ಎಂಜಿನ್ನನ್ನು ಪೂರ್ತಿ ಬಿಚ್ಚದೆ ಬೇರೆ ದಾರಿಯಿಲ್ಲ.

ಆ ಸೀಲಿನ ಚಿಂತೆಯೇ ಸಂಜೆಯಿಡೀ ನನ್ನನ್ನು ಕಾಡಿತು. ತಣ್ಣಗಿದ್ದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು, ಕೂಲಂಟ್ (ತಣಿಸುವ ನೀರು) ತುಂಬಿ, ಚಾಲೂ ಮಾಡಿ ನೋಡುತ್ತಾ ನಿಂತೆವು. ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಸ್ವಲ್ಪ ಹೊತ್ತಿಗೆ ಮುಗಿಯುತ್ತವೆ. ಉರಿದ ಅನಿಲ ನೀರಿಗೆ ನುಗ್ಗುತ್ತಿದ್ದರೆ ಗುಳ್ಳೆಗಳು ಮುಗಿಯುವುದೇ ಇಲ್ಲ. ನಮ್ಮವು ನಿಂತವು. ಅಣ್ಣ ನನ್ನ ಬೆನ್ನು ತಟ್ಟಿ ಒಳಗೆ ಹೋದ.

ನನ್ನ ಮನಸ್ಸು ಮಾತ್ರ ಪೂರ್ತಿ ಹಗುರಾಗಿಲ್ಲ. ಫ್ಯಾನ್ ಸರಿಹೋದ ಮೇಲೆ ಕಾರ್ಬ್ಯುರೇಟರನ್ನು ಮುಟ್ಟುತ್ತೇನೆ: ಮೊದಲು ಗಾಜಿನ ಕಿಂಡಿಯಲ್ಲಿ ಪೆಟ್ರೋಲ್ ಮಟ್ಟ ಗುರುತಿಗೆ ಸರಿಯಾಗಿದೆಯೇ ಎಂಬುದು, ನಂತರ ಗಾಳಿ ಒಳಬರುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿದೆಯೇ ಎಂಬುದು, ಅವೆರಡೂ ಖಚಿತವಾದ ಮೇಲಷ್ಟೇ ಮಿಕ್ಸ್ಚರ್ ಸ್ಕ್ರೂ. ಕಾರ್ಬ್ಯುರೇಟರಿಗೆ ಎಣ್ಣೆ ತರುವ ಸಣ್ಣ ನಳಿಕೆಗಳನ್ನು ಹೊಗೆ ಬರುತ್ತದೆಂದು ಕೆಲವರು ಮುಚ್ಚಿಬಿಡುತ್ತಾರೆ. ಪೆಟ್ರೋಲಿಗೆ ಬೇರೆ ಎಣ್ಣೆ ಬೆರೆಸದೆ ಹಾಗೆ ಮಾಡುವುದು ರೋಟರಿನ ತುದಿಯ ಸೀಲುಗಳನ್ನು ಒಣಗಿಸಿ ಕೊಲ್ಲುವ ಕೆಲಸ, ನಾನಂತೂ ಅದಕ್ಕೆ ಕೈಹಾಕುವುದಿಲ್ಲ.

ಆದರೆ ಇದೆಲ್ಲಕ್ಕೂ ಮೊದಲು ನಾಳೆ ಬೆಳಗಿನ ತಣ್ಣನೆಯ ಸ್ಟಾರ್ಟ್ ನೋಡಬೇಕು. ರಾತ್ರಿಯಿಡೀ ನೀರು ಒಳಗೆ ಜಿನುಗಿದ್ದರೆ ಎಂಜಿನ್ ಮೊದಲಿಗೆ ಒಂದೇ ರೋಟರಿನಲ್ಲಿ ಕುಂಟುತ್ತಾ ಬಿಳಿ ಹೊಗೆ ಬಿಡುತ್ತದೆ. ಹಾಗಾದರೆ ಫ್ಯಾನ್ ಕ್ಲಚ್ಚಿನ ಮಾತೂ ಕಾರ್ಬ್ಯುರೇಟರಿನ ಮಾತೂ ಹಿಂದಕ್ಕೆ ಸರಿಯುತ್ತವೆ. ಹಾಗಾಗದಿದ್ದರೂ ಕೂಲಂಟಿನ ಮಟ್ಟಕ್ಕೆ ಒಂದು ಗುರುತು ಹಾಕಿ ಈ ವಾರವಿಡೀ ನೋಡಬೇಕು.