ಮುರಿದ ಸೂಜಿಯ ಬ್ರೂಚ್

ನಿನ್ನೆ ರಾತ್ರಿ ಸಂಗ್ರಹದ ಡಬ್ಬಿ ತೆರೆದು ತುಂಬಾ ಹೊತ್ತು ಕೂತಿದ್ದೆ. ಕೈಯಲ್ಲಿ ರೋಮನ್ ಕಾಲದ ಒಂದು ಕಂಚಿನ ಬ್ರೂಚ್, ಅಂದರೆ ಬಟ್ಟೆಗೆ ಸಿಕ್ಕಿಸುವ ಪಿನ್. ಇದಕ್ಕೆ ಫಿಬುಲಾ ಅಂತಾರೆ. ಸೂಜಿ ಮುರಿದಿದೆ. ಆದರೆ ಬಿಲ್ಲಿನಂತೆ ಬಾಗಿದ ಬೆನ್ನು, ಸುರುಳಿ ಸುತ್ತಿದ ಸ್ಪ್ರಿಂಗ್, ಸೂಜಿಯ ತುದಿ ಸಿಕ್ಕಿಸುವ ಕೊಕ್ಕೆ, ಎಲ್ಲ ಹಾಗೇ ಇವೆ.

ಸರಿಯಾಗಿ ನೋಡಿದರೆ ಇದು ನಮ್ಮ ಸೇಫ್ಟಿ ಪಿನ್ನೇ ಅಲ್ವಾ? ಅಮೆರಿಕದ ವಾಲ್ಟರ್ ಹಂಟ್ ಅದಕ್ಕೆ ಪೇಟೆಂಟ್ ಪಡೆದದ್ದು 1849ರಲ್ಲಿ. ಯುರೋಪಿನ ಜನ 3,000 ವರ್ಷಗಳ ಹಿಂದೆಯೇ ಇದೇ ಉಪಾಯದಿಂದ ಹೊದ್ದ ಬಟ್ಟೆಯನ್ನು ಭುಜದ ಮೇಲೆ ನಿಲ್ಲಿಸುತ್ತಿದ್ದರು.

ಡಬ್ಲಿನ್‌ನ ಮ್ಯೂಸಿಯಂನಲ್ಲಿರುವ ಐರ್ಲೆಂಡಿನ ಹಳೆಯ ಆಭರಣ ಟಾರಾ ಬ್ರೂಚ್‌ನಲ್ಲಿ ಚಿನ್ನದ ಎಳೆಗಳ ಕುಸುರಿ ಇದೆ, ಅಂಬರ್ (ಗಟ್ಟಿಯಾಗಿ ಕಲ್ಲಿನಂತಾದ ಮರದ ಅಂಟು) ಇದೆ. ಅದರ ಚೆಲುವೇ ಬೇರೆ. ಆದರೂ ನನಗೆ ಇಂಥ ಸಾದಾ ಕಂಚಿನವುಗಳ ಮೇಲೇ ಪ್ರೀತಿ ಜಾಸ್ತಿ. ದಿನಾ ಬಳಸಿದ ವಸ್ತು. ಕೆಲವು ಬ್ರೂಚ್‌ಗಳ ಮೇಲೆ 'ಔಕಿಸ್ಸಾ' ಎಂಬ ಹೆಸರೂ ಇರುತ್ತದೆ. ಮಾಡಿದವರದ್ದಿರಬೇಕು.

ಹೊಸದಾಗಿ ಸಂಗ್ರಹಿಸುವವರಿಗೆ ಒಂದು ಮಾತು. ದಯವಿಟ್ಟು ಉಜ್ಜಿ ಹೊಳಪು ತರಬೇಡಿ. ಹಳೆಯ ಕಂಚಿನ ಮೇಲೆ ಕಾಲ ಕಳೆದಂತೆ ಕೂಡುವ ಹಸಿರು ಪದರ ಹೋದರೆ ಮತ್ತೆ ಬರುವುದಿಲ್ಲ. ಪುಡಿಪುಡಿಯಾದ ತಿಳಿ ಹಸಿರು ಚುಕ್ಕೆ ಕಂಡರೆ ಮಾತ್ರ ಎಚ್ಚರ, ಅದು ಕಂಚನ್ನು ತಿನ್ನುವ ರೋಗ. ತೇವ ತಾಗದಂತೆ ಇಡಿ. ಎಲ್ಲಿ ಸಿಕ್ಕಿತು ಎಂಬ ಕಾಗದವಿಲ್ಲದ್ದನ್ನು ಕೊಳ್ಳಲೇಬೇಡಿ. ಸುಮ್ನೆ ಅಗೆದು ಕದ್ದ ಮಾಲೂ ಇರಬಹುದು. ನೆಲದ ಗುರುತು ಕಳೆದರೆ ಅರ್ಧ ಕಥೆ ಹೋದಂತೆ.

ಈ ಸೂಜಿ ಯಾವಾಗ ಮುರಿಯಿತೋ! ಯಾರೋ ದಾರಿಯಲ್ಲಿ ಭುಜ ಮುಟ್ಟಿ ನೋಡಿ, ತಿರುಗಿ ಹುಡುಕುತ್ತಾ ಹೋಗಿರಬೇಕು.