ಬಣ್ಣವಿಲ್ಲದ ಚೌಕ

ಕಂಡ ಹಕ್ಕಿಗಳ ಪಟ್ಟಿಯನ್ನು ಜನ ಹಾಕುವ ಆನ್‌ಲೈನ್ ತಾಣ ಇ-ಬರ್ಡ್. ಅದರ ಮ್ಯಾಪ್‌ನಲ್ಲಿ ಒಂದು ಹಕ್ಕಿಯ ಹೆಸರು ಹಾಕಿ ನೋಡಿ. ನಾಡಿನ ತುಂಬ ಚೌಕಗಳು. ನೇರಳೆ ಗಾಢವಾದಷ್ಟೂ ಅಲ್ಲಿನ ಪಟ್ಟಿಗಳಲ್ಲಿ ಆ ಹಕ್ಕಿ ಜಾಸ್ತಿ ಇದೆ. ಬೂದು ಬಣ್ಣ ಇದ್ದರೆ ಜನ ಹೋಗಿದ್ದಾರೆ, ಆ ಹಕ್ಕಿ ಸಿಕ್ಕಿಲ್ಲ. ಬಣ್ಣವೇ ಇಲ್ಲದಿದ್ದರೆ? ಪಟ್ಟಿ ಮಾಡುವವರು ಯಾರೂ ಅಲ್ಲಿಗೆ ಹೋಗಿಲ್ಲ, ಅಷ್ಟೆ.

ಶಿರಾ ತಾಲ್ಲೂಕಿನ ನಮ್ಮ ಮಾವನ ಊರು ಹಾಗೇ ಖಾಲಿ ಬಿದ್ದಿತ್ತು. ಅದೇ ತಾಲ್ಲೂಕಿನ ಕಗ್ಗಲಡು ಬಿಡಿ, ಅಲ್ಲಿ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕ್ಯಾಮೆರಾ ಹಿಡಿದವರೆಲ್ಲ ಅಲ್ಲಿಗೇ. ನಮ್ಮೂರ ಗುಬ್ಬಿ ನೋಡೋಕೆ ಯಾರು ಬರ್ತಾರೆ?

ಫೆಬ್ರುವರಿಯಲ್ಲಿ ಊರಿಗೆ ಹೋದಾಗ ಬೆಳಕು ಹರಿಯುತ್ತಲೇ ಮಾವನ ಜೊತೆ ಕೆರೆ ಏರಿ ಹತ್ತಿದೆ. ಮೊಬೈಲ್‌ನಲ್ಲಿ ಪಟ್ಟಿ ಶುರು ಮಾಡಿದೆ. ನೆಟ್‌ವರ್ಕ್ ಇಲ್ಲದಿದ್ದರೂ ಆ್ಯಪ್ ಕೆಲಸ ಮಾಡುತ್ತೆ, ಪುಣ್ಯ. ಕರೆಂಟ್ ತಂತಿ ಮೇಲೆ ಗದ್ದೆ ಮಿಂಚುಳ್ಳಿ. ಕೆಸರಲ್ಲಿ ಓಡಾಡುತ್ತಿದ್ದ ಟಿಟ್ಟಿಭಗಳು ನಮ್ಮನ್ನು ಕಂಡದ್ದೇ ಊರಿಗೆಲ್ಲ ಕೇಳುವಂತೆ ಬೈದವು. ಬಳ್ಳಾರಿ ಜಾಲಿಯ ಪೊದೆಯೊಳಗಿಂದ ಕೌಜುಗ ಕೂಗಿತು. ಕಾಣಲಿಲ್ಲ. ದನಿ ಕೇಳಿ ಗುರುತು ಸಿಕ್ಕರೂ ಬರೆಯಬಹುದು.

"ಕಾಗೇನೂ ಬರೀತೀಯಾ?" ಮಾವ ನಕ್ಕರು.

ಬರೀಲೇಬೇಕು. ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಅಂತ ಆ್ಯಪ್ ಕೊನೆಗೆ ಕೇಳುತ್ತೆ. ಹೌದು ಅಂದರೆ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿಗೂ ಒಂದು ಬೆಲೆ: ಅದು ಬರೆಯದೆ ಬಿಟ್ಟದ್ದಲ್ಲ, ಸಿಗದೇ ಇದ್ದದ್ದು ಅಂತ ಗೊತ್ತಾಗುತ್ತೆ.

ಕೇರಳದವರು ಈ ಖಾಲಿ ಜಾಗದ ತಲೆನೋವನ್ನು ಬುಡದಲ್ಲೇ ಬಗೆಹರಿಸಿಕೊಂಡರು. ಯಾವ ಹಕ್ಕಿ ಎಲ್ಲೆಲ್ಲಿದೆ ಅಂತ ತೋರಿಸಲು 2015ರಿಂದ 2020ರವರೆಗೆ ನಡೆದ ಹಕ್ಕಿ ಅಟ್ಲಾಸ್‌ಗೆ ಇಡೀ ರಾಜ್ಯವನ್ನೇ ಚೌಕ ಚೌಕ ಮಾಡಿದರು. ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತು ಮಾಡಿದರು. ಮಳೆಗಾಲದಲ್ಲೊಂದು ಸಲ, ಒಣ ದಿನಗಳಲ್ಲೊಂದು ಸಲ ಎಣಿಕೆ. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದುಡಿದರು. ನಮ್ಮ ಮ್ಯಾಪ್‌ನಲ್ಲಿ ಹಕ್ಕಿಗಿಂತ ನಮ್ಮ ವೀಕೆಂಡ್ ಪ್ರವಾಸಗಳೇ ಎದ್ದು ಕಾಣುತ್ತವೆ ಅನ್ನೋದು ನನ್ನ ಅಭಿಪ್ರಾಯ.

ಏರಿ ಇಳಿಯುವಾಗ ಮಾವ ಇನ್ನೊಂದು ಕೇಳಿದರು. "ಹಿಂಗೆ ಮ್ಯಾಪಲ್ಲಿ ಹಾಕಿದ್ರೆ ಬಲೆ ಹಾಕೋರು ನೋಡಲ್ವಾ?"

ಅಳಿವಿನಂಚಿನ ಎರೆಭೂತದಂಥ ಹಕ್ಕಿಯಾದರೆ ಭಯವಿಲ್ಲ, ಅದರ ನಿಖರ ಜಾಗವನ್ನು ಇ-ಬರ್ಡ್‌ನವರೇ ಮರೆಮಾಡುತ್ತಾರೆ ಅಂದೆ. ಕೌಜುಗಕ್ಕೆ ಆ ಕಾವಲಿಲ್ಲ. ಮಾವನಿಗೆ ಸಮಾಧಾನ ಆಗಲಿಲ್ಲ, ನನಗೂ ಅಷ್ಟೆ. ಪಟ್ಟಿಯಲ್ಲಿ ಕೌಜುಗ ಉಳಿಯಿತು. ಪಿನ್ ಮಾತ್ರ ಪೊದೆಯ ಹತ್ತಿರ ಹಾಕದೆ, ಏರಿಯ ಆ ತುದಿಯಲ್ಲಿ ತೂಬಿನ ಮೇಲೆ ಹಾಕಿದೆ.