ನೆಕ್ ತೋರಿಸದ ಫೋಟೋಗಳು

2025 ನವೆಂಬರ್ 14, ಶುಕ್ರವಾರ, ರಾತ್ರಿ

ಕೀಬೋರ್ಡಿನವನ ತಮ್ಮ ಸಂಜೆ ನಾಲ್ಕು ಫೋಟೋ ಕಳಿಸಿದ. "ತಗೊಳ್ಳಲಾ ಬೇಡ್ವಾ, ಬೇಗ ಹೇಳಿ, ಇನ್ಯಾರೋ ಕೇಳ್ತಿದ್ದಾರಂತೆ." ಸನ್‌ಬರ್ಸ್ಟ್ ಬಣ್ಣದ ಹಳೆಯ ಜಾಝ್ ಬೇಸ್, ಅಂದರೆ ಫೆಂಡರ್ ಮಾದರಿಯ ಬೇಸ್ ಗಿಟಾರ್. ನಾಲ್ಕೂ ಫೋಟೋ ಬಾಡಿಯದೇ, ಎಡಗೈ ಬೆರಳು ಓಡಾಡುವ ಉದ್ದ ಹಿಡಿಯದು, ಅಂದರೆ ನೆಕ್ಕಿನದು, ಒಂದೂ ಇಲ್ಲ. ಕೆಳಗೆ ಮಾರುವವರದೊಂದು ಸಾಲು: "ಚೆನ್ನಾಗಿ ನೋಡಿಕೊಂಡಿದ್ದೇನೆ, ಯಾವ ತೊಂದರೆಯೂ ಇಲ್ಲ."

ಈ ಸಾಲು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಾರುವವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಬಹಳಷ್ಟು ಜನ ನಿಜವಾಗಿಯೂ ಹಾಗೇ ನಂಬಿರುತ್ತಾರೆ. ಆದರೆ ತೊಂದರೆ ಇದೆಯೋ ಇಲ್ಲವೋ ಅಂತ ಅಳೆದು ನೋಡಿದವರು ಕಡಿಮೆ. ಬಾಡಿಯ ಮೇಲಿನ ಗೀರು, ಬಣ್ಣ ಕಿತ್ತ ಜಾಗ, ತುಕ್ಕು ಹಿಡಿದ ಸ್ಕ್ರೂ, ಕರಕರ ಅನ್ನುವ ವಾಲ್ಯೂಮ್ ಪಾಟ್ (ಗುಂಡಿಯಡಿಯ ತಿರುಗುವ ಭಾಗ), ಇವೆಲ್ಲ ಮಾತಾಡಿ ಬೆಲೆ ಇಳಿಸಬಹುದಾದ ಸಂಗತಿಗಳು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಸತ್ತಿದ್ದರೆ ಹೊಸದು ಹಾಕಬಹುದು. ತಂತಿಗಳು ಬಾಡಿಯ ಮೇಲೆ ಕೂರುವ ಬ್ರಿಡ್ಜ್ ಬದಲಿಸಲು ಐದು ಸ್ಕ್ರೂ ಬಿಚ್ಚಿದರೆ ಮುಗಿಯಿತು. ನೆಕ್ ತಿರುಚಿಕೊಂಡಿದ್ದರೆ ಮಾತ್ರ ಕೊಂಡವರ ಕೈಯಲ್ಲಿ ಉಳಿಯುವುದು ಬರೀ ಮರ.

ಅವನಿಗೆ ಬರೆದ ಉತ್ತರ ಉದ್ದವಾಯಿತು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿಡುತ್ತೇನೆ, ಮುಂದೆ ಕೇಳುವವರಿಗೂ ಆದೀತು.

ಮೊದಲು ಕೇಳಬೇಕಾದದ್ದು ಎಂಟನೇ ಫ್ರೆಟ್ಟಿನ, ಅಂದರೆ ನೆಕ್ಕಿನ ಎಂಟನೇ ಲೋಹದ ಅಡ್ಡಪಟ್ಟಿಯ ಫೋಟೋ. ತಂತಿಗಳು ಸರಿಯಾದ ಶ್ರುತಿಯಲ್ಲಿರಬೇಕು. ಒಂದನೇ ಫ್ರೆಟ್ಟಿಗೆ ಕ್ಯಾಪೋ (ತಂತಿ ಒತ್ತಿಹಿಡಿಯುವ ಕ್ಲಿಪ್ಪು) ಹಾಕಬೇಕು, ಇಲ್ಲವೇ ಎಡಗೈ ಬೆರಳು ಒತ್ತಬೇಕು. ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್ಟಿನಲ್ಲಿ ಬಲಗೈಯಿಂದ ಒತ್ತಬೇಕು. ಈಗ ತಂತಿಯೇ ಅಳತೆಪಟ್ಟಿ. ಏಳು–ಎಂಟನೇ ಫ್ರೆಟ್ಟಿನ ನೆತ್ತಿಗೂ ತಂತಿಯ ಅಡಿಗೂ ನಡುವೆ ಎಷ್ಟು ಸಂದಿ ಉಳಿಯಿತು ನೋಡಬೇಕು. 34 ಇಂಚು ಸ್ಕೇಲಿನ (ತಂತಿ ನುಡಿಯುವ ಉದ್ದ) ಬೇಸಿಗೆ ಸುಮಾರು 0.3 ಮಿಲಿಮೀಟರ್ ಆರೋಗ್ಯಕರ. ದಪ್ಪನೆಯ ವಿಸಿಟಿಂಗ್ ಕಾರ್ಡ್ ಒಂದು ಬಿಗಿಯಾಗಿ ನುಸುಳುವಷ್ಟು. ಸಂದಿಯೇ ಇಲ್ಲದೆ ತಂತಿ ಫ್ರೆಟ್ಟಿಗೆ ಅಂಟಿದ್ದರೆ ನೆಕ್ ಹಿಂದಕ್ಕೆ ಬಾಗಿದೆ. ಒಂದು ಮಿಲಿಮೀಟರ್ ಮೀರಿದ್ದರೆ ಮುಂದಕ್ಕೆ ಚೆನ್ನಾಗಿ ಬಾಗಿದೆ. ಎರಡನ್ನೂ ನೆಕ್ಕಿನೊಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ಸರಿಮಾಡುತ್ತದೆ, ಅದರಲ್ಲಿ ಇನ್ನೂ ತಿರುವು ಉಳಿದಿದ್ದರೆ.

ಎಲ್ಲರೂ ಕೇಳಲು ಮರೆಯುವುದು ಇದನ್ನೇ. ಮಾರುವವರ ಎದುರಿಗೇ, ಅವರ ಒಪ್ಪಿಗೆ ಪಡೆದು, ಸರಿಯಾದ ಅಳತೆಯ ಕೀಲಿಯಿಂದ ಟ್ರಸ್ ರಾಡ್ ನಟ್ಟನ್ನು ಮೊದಲು ಸ್ವಲ್ಪ ಸಡಿಲಿಸಿ, ಆಮೇಲೆ ಬಿಗಿ ಮಾಡಿ ನೋಡಬೇಕು. ಮೊದಲೇ ಬಿಗಿ ಮಾಡಲು ಹೋಗಬಾರದು. ಕೊನೆ ಮುಟ್ಟಿದ ನಟ್ಟಾಗಿದ್ದರೆ ಮುರಿಯುವುದು ಆಗಲೇ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಸರಾಗವಾಗಿ ತಿರುಗಿ, ಸಂದಿ ಸ್ವಲ್ಪವಾದರೂ ಬದಲಾದರೆ ಜೀವ ಇದೆ ಅಂತ ಅರ್ಥ. ಪೂರ್ತಿ ಬಿಗಿದಿದ್ದೂ ನೆಕ್ ಇನ್ನೂ ಮುಂದಕ್ಕೇ ಬಾಗಿದ್ದರೆ ಆ ಬೇಸ್ ಎಷ್ಟೇ ಚಂದ ಇರಲಿ, ಕೈ ಮುಗಿದು ಬರಬೇಕು. ಹಳೆಯ ಮಾದರಿಯ ಫೆಂಡರ್‌ಗಳಲ್ಲಿ ನಟ್ ನೆಕ್ಕಿನ ಬಾಡಿ ಕಡೆಯ ತುದಿಯಲ್ಲಿರುತ್ತದೆ, ನೆಕ್ ಬಿಚ್ಚದೆ ಕೀಲಿ ಹೋಗುವುದಿಲ್ಲ. ಅಂಥ ಬೇಸಿಗೆ ಈ ಪರೀಕ್ಷೆ ಐದು ನಿಮಿಷದ ಕೆಲಸವಲ್ಲ, ಮೊದಲೇ ಹೇಳಿ ಸಮಯ ಕೇಳಿಕೊಳ್ಳಬೇಕು.

ತಿರುಚು ಬೇರೆ. ಬ್ರಿಡ್ಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಮೊದಲ ಫ್ರೆಟ್ಟೂ ಕೊನೆಯ ಫ್ರೆಟ್ಟೂ ಒಂದಕ್ಕೊಂದು ಸಮಾನಾಂತರವಾಗಿ ಕಾಣಬೇಕು. ಒಂದು ಓರೆಯಾಗಿದ್ದರೆ ನೆಕ್ ತಿರುಚಿದೆ, ಮತ್ತು ಅದನ್ನು ಟ್ರಸ್ ರಾಡ್ ಸರಿಮಾಡುವುದಿಲ್ಲ. ಇನ್ನೊಂದು, ಹದಿನೈದನೇ ಫ್ರೆಟ್ಟಿನಿಂದಾಚೆ ಬೆರಳುಹಲಗೆ ಮೇಲಕ್ಕೆ ಏಳುವ ರೋಗ. ಕೆಳಗಿನ ಸ್ವರಗಳೆಲ್ಲ ಸ್ವಚ್ಛ, ಮೇಲಕ್ಕೆ ಹೋದಂತೆ ಝರ್ ಅನ್ನುತ್ತದೆ. ಅಲ್ಲಿನ ಫ್ರೆಟ್‌ಗಳನ್ನು ತೀಡಿ ತಗ್ಗಿಸಿದರೆ ಹೋಗುತ್ತದೆ, ಹಾಗಾಗಿ ಇದಕ್ಕೆ ಹೆದರಬೇಕಿಲ್ಲ. ಆ ಖರ್ಚನ್ನು ಬೆಲೆಯಲ್ಲಿ ಕಳೆದರೆ ಸಾಕು. ಸ್ಯಾಡಲ್‌ಗಳು (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡುಗಳು) ತಳ ಮುಟ್ಟಿದ್ದರೂ ತಂತಿ ಎತ್ತರವಾಗೇ ಇದ್ದರೆ ಅದು ನೆಕ್ ಕೂತ ಕೋನದ ಸಮಸ್ಯೆ. ನೆಕ್ ಕೂರುವ ಗೂಡಿನಲ್ಲಿ ಬ್ರಿಡ್ಜ್ ಕಡೆಯ ತುದಿಗೆ ಅರ್ಧ ಮಿಲಿಮೀಟರ್ ಮರದ ಹಾಳೆಯೊಂದನ್ನು ಇಟ್ಟರೆ ಇಳಿಯುತ್ತದೆ.

ತಂತಿಯ ಎತ್ತರ ಬರೆದು ಮಾರುವವರನ್ನು ಕಂಡರೆ ಗೌರವ ಬರುತ್ತದೆ. 17ನೇ ಫ್ರೆಟ್ಟಿನ ಮೇಲೆ ಇ ತಂತಿ 2.4 ಮಿಲಿಮೀಟರ್, ಜಿ ತಂತಿ 2 ಮಿಲಿಮೀಟರ್, ರಿಲೀಫ್ (ಮೇಲೆ ಹೇಳಿದ ಎಂಟನೇ ಫ್ರೆಟ್ಟಿನ ಸಂದಿ) 0.3, ತಂತಿಯ ದಪ್ಪ ಇಂಚಿನ ಸಾವಿರದ ಭಾಗಗಳಲ್ಲಿ 45ರಿಂದ 105. ಈ ಒಂದು ಸಾಲಿನಿಂದ ಕೊಳ್ಳುವವರ ಅರ್ಧ ಪ್ರಶ್ನೆಗಳು ಮುಗಿಯುತ್ತವೆ. ಮಾರಲು ಕೂತವರು ದಯವಿಟ್ಟು ಇಷ್ಟು ಬರೆಯಿರಿ. ಸ್ಕೇಲು, ರೂಲರು ಎಲ್ಲರ ಮನೆಯಲ್ಲೂ ಇವೆ. ತೂಕವನ್ನೂ ಬರೆಯಿರಿ. ಬೇಸ್ ಹಿಡಿದು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಬರಿಗೈಯಲ್ಲಿ ನಿಂತು ಕಳೆದರಾಯಿತು. ನಾಲ್ಕು ಕಿಲೋದ ಬೇಸಿಗೂ ಐದು ಕಿಲೋದ ಬೇಸಿಗೂ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಭುಜಕ್ಕೆ ಗೊತ್ತಾಗುವ ವ್ಯತ್ಯಾಸ ಬಹಳ ದೊಡ್ಡದು.

"ಡೆಡ್ ಸ್ಪಾಟ್ ಇದೆಯಾ ಅಂತ ಕೇಳಲಾ?" ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಫೆಂಡರ್ ಮಾದರಿಯ ಉದ್ದ ನೆಕ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ಟಿನ ನಡುವೆ, ಅಂದರೆ ಸಿ, ಸಿ ಶಾರ್ಪ್, ಡಿ ಸ್ವರಗಳಲ್ಲಿ ಒಂದು ಸ್ವರ ಬೇಗ ಸಾಯುವುದು ಸಾಮಾನ್ಯ. ಆ ಸ್ವರದ ಕಂಪನಕ್ಕೆ ನೆಕ್ ತಾನೂ ಅಲುಗಿ ತಂತಿಯ ಶಕ್ತಿಯನ್ನು ಹೀರುತ್ತದೆ. ಹೆಡ್‌ಸ್ಟಾಕಿಗೆ (ಕಿವಿಗಳಿರುವ ನೆಕ್ಕಿನ ತುದಿಗೆ) ತೂಕ ಸೇರಿಸಿದರೆ ಜಾಗ ಸ್ವಲ್ಪ ಆಚೀಚೆ ಸರಿಯುತ್ತದೆ, ಪೂರ್ತಿ ಹೋಗುವುದು ಅಪರೂಪ. ಪರೀಕ್ಷೆ ಸುಲಭ. ಆಂಪ್ ಇಲ್ಲದೆ, ಜಿ ತಂತಿಯ ಒಂದೊಂದು ಫ್ರೆಟ್ಟನ್ನೂ ಒಂದೇ ಬಲದಲ್ಲಿ ಮೀಟಿ ಪೂರ್ತಿ ಆರುವವರೆಗೆ ಬಿಡಬೇಕು. ಆದರೆ ಸೌಮ್ಯವಾದ ಡೆಡ್ ಸ್ಪಾಟಿಗಾಗಿ ಒಳ್ಳೆಯ ಬೇಸನ್ನು ಬಿಡುವುದು ತಪ್ಪು. ಎಷ್ಟೋ ಪ್ರಸಿದ್ಧ ಧ್ವನಿಮುದ್ರಣಗಳ ಬೇಸ್‌ಗಳಲ್ಲೂ ಅದು ಇರುತ್ತದೆ.

ವಿದ್ಯುತ್ತಿನ ಭಾಗಕ್ಕೆ ಒಂದು ಅಗ್ಗದ ಮಲ್ಟಿಮೀಟರ್ ಸಾಕು. ಆಂಪಿಗೆ ಸಿಕ್ಕಿಸದೆ ಕೇಬಲ್ಲನ್ನು ಬೇಸಿಗೆ ಮಾತ್ರ ಹಾಕಿ, ಇನ್ನೊಂದು ತುದಿಯ ತುದಿಮೊನೆಗೂ ಹೊರಕವಚಕ್ಕೂ ಮೀಟರ್ ಹಿಡಿಯಬೇಕು. ಟೋನ್ ಎಲ್ಲಿದ್ದರೂ ಚಿಂತೆಯಿಲ್ಲ, ಅಲ್ಲಿ ಕೆಪಾಸಿಟರ್ ಇರುವುದರಿಂದ ಈ ಅಳತೆಗೆ ಅದು ಅಡ್ಡ ಬರುವುದಿಲ್ಲ. ಒಂದು ವಾಲ್ಯೂಮ್ ಪೂರ್ತಿ, ಇನ್ನೊಂದು ಸೊನ್ನೆ. ಜಾಝ್ ಪಿಕಪ್ಪಿಗೆ ಏಳೆಂಟು ಕಿಲೋ ಓಮ್, ಫೆಂಡರಿನ ಇನ್ನೊಂದು ಮಾದರಿಯಾದ ಪ್ರಿಸಿಷನ್ನಿನ ಎರಡು ತುಂಡಿನ (ಸ್ಪ್ಲಿಟ್) ಪಿಕಪ್ಪಿಗೆ ಹತ್ತು–ಹನ್ನೊಂದು ಕಿಲೋ ಓಮ್ ಆಸುಪಾಸು ಬರಬೇಕು. ನೂರು ಕಿಲೋ ಓಮ್ ದಾಟಿದರೆ ಸುರುಳಿಯ ತಂತಿ ಎಲ್ಲೋ ತುಂಡಾಗಿದೆ, ಮೀಟರ್ ತೋರಿಸುತ್ತಿರುವುದು ಬರೀ 250 ಕಿಲೋದ ಪಾಟ್‌ಗಳನ್ನು. ಬ್ಯಾಟರಿಯ ಪ್ರೀಆಂಪ್ ಒಳಗೇ ಇರುವ ಆಕ್ಟಿವ್ ಬೇಸ್ ಆದರೆ ಈ ಲೆಕ್ಕ ನಡೆಯದು. ಅಲ್ಲಿ ಬ್ಯಾಟರಿ ಡಬ್ಬಿ ತೆಗೆದು ಹಸಿರು–ಬಿಳಿ ಪುಡಿ ಇದೆಯಾ ನೋಡಬೇಕು, ಒಸರಿದ 9 ವೋಲ್ಟ್ ಬ್ಯಾಟರಿ ಕಚ್ಚುಗಳನ್ನು ತಿಂದುಹಾಕಿರುತ್ತದೆ. ಅಂದಹಾಗೆ ಆಕ್ಟಿವ್ ಬೇಸಿಗೆ ಕೇಬಲ್ ಸಿಕ್ಕಿಸಿದರೇ ಪ್ರೀಆಂಪ್ ಆನ್ ಆಗುವುದು. ರಾತ್ರಿಯಿಡೀ ಸಿಕ್ಕಿಸಿಟ್ಟರೆ ಬ್ಯಾಟರಿ ಹೋಯಿತು, ಆಮೇಲೆ "ಪ್ರೀಆಂಪ್ ಕೆಟ್ಟಿದೆ" ಅಂತ ಅಗ್ಗಕ್ಕೆ ಮಾರಿಬಿಡುತ್ತಾರೆ ಜನ.

ಜಾಝ್ ಬೇಸಿನ ಒಂದೇ ಪಿಕಪ್ ತೆರೆದಾಗ ಹಮ್ (ಗುಂಯ್ ಅನ್ನುವ ಸದ್ದು) ಬಂದರೆ ಅದು ದೋಷವಲ್ಲ. ಎರಡನ್ನೂ ಪೂರ್ತಿ ತೆರೆದಾಗ ಹಮ್ ನಿಲ್ಲಬೇಕು. ಒಂದರ ಸುರುಳಿಯೂ ಅಯಸ್ಕಾಂತವೂ ಇನ್ನೊಂದಕ್ಕೆ ವಿರುದ್ಧವಾಗಿರುತ್ತವೆ, ಹಾಗಾಗಿ ಹಮ್ ಪರಸ್ಪರ ಕಳೆದುಹೋಗಿ ತಂತಿಯ ಸದ್ದು ಉಳಿಯುತ್ತದೆ. ತಂತಿಯ ಸದ್ದು ತೆಳುವಾಗದೆ ಹಮ್ ಮಾತ್ರ ನಿಲ್ಲದಿದ್ದರೆ ಯಾರೋ ಜೋಡಿಯಲ್ಲದ ಪಿಕಪ್ ಹಾಕಿದ್ದಾರೆ. ಹಮ್ ನಿಂತು, ಸದ್ದೂ ಟೊಳ್ಳಾಗಿ ತೆಳುವಾದರೆ ಒಂದು ಪಿಕಪ್ಪಿನ ಎರಡು ವೈರು ಅದಲುಬದಲಾಗಿರಬಹುದು ಅಂತ ಅನ್ನಬೇಡಿ! ವೈರು ಅದಲುಬದಲಾದರೆ ಸದ್ದು ತೆಳುವಾಗುತ್ತದೆ ನಿಜ, ಆದರೆ ಹಮ್ ಕಡಿಮೆಯಾಗದೆ ಕೂಡಿಕೊಂಡು ಹೆಚ್ಚಾಗುತ್ತದೆ. ಹಮ್ಮೂ ಸದ್ದೂ ಒಟ್ಟಿಗೆ ಕಳೆದುಹೋದರೆ ಎರಡು ಪಿಕಪ್ಪಿನ ಅಯಸ್ಕಾಂತವೂ ಒಂದೇ ದಿಕ್ಕಿಗಿದೆ. ಈ ಎರಡನ್ನು ಬೇರೆ ಮಾಡಿ ಕೇಳಿದರೆ ರಿಪೇರಿಯವರ ಅರ್ಧ ದಿನ ಉಳಿಯುತ್ತದೆ.

ಹಳೆಯದು, ಅಪರೂಪದ್ದು ಅಂತ ಮಾರುವವರಿದ್ದರೆ ಪಾಟ್‌ಗಳ ಹಿಂಬದಿಯ ಫೋಟೋ ಬೇಕೇ ಬೇಕು. ಲೋಹದ ಮೇಲೆ ಒತ್ತಿದ ಅಂಕಿ ಇರುತ್ತದೆ. 1377633 ಅಂತಿದ್ದರೆ 137 ಅಂದರೆ ಸಿಟಿಎಸ್ ಕಂಪನಿ, 76 ಅಂದರೆ 1976, 33 ಅಂದರೆ ಆ ವರ್ಷದ ಮೂವತ್ತಮೂರನೇ ವಾರ. 304ರಿಂದ ಶುರುವಾದರೆ ಸ್ಟ್ಯಾಕ್‌ಪೋಲ್. ಪಾಟ್ ಅದೇ ಮೂಲದ್ದಾಗಿದ್ದರೆ ಬೇಸ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಇಷ್ಟೇ ಇದು ಹೇಳುವುದು. ಹೊಸದಾಗಿರಬಹುದು. 1966ರ ಪಾಟ್‌ಗಳು 1969ರ ಫೆಂಡರ್‌ಗಳಲ್ಲೂ ಸಿಗುತ್ತವೆ. ಅಂಕಿಯ ಜೊತೆ ಬೆಸುಗೆಯನ್ನೂ ನೋಡಬೇಕು. ಐವತ್ತು ವರ್ಷದ ಬೆಸುಗೆ ಮಂಕಾಗಿರುತ್ತದೆ, ಒಂದು ಜಾಗ ಮಾತ್ರ ಫಳಫಳ ಹೊಳೆದರೆ ಅಲ್ಲಿ ಯಾರದೋ ಕೈ ಆಡಿದೆ.

ಈ ಅಪರೂಪದ ಹುಚ್ಚಿನ ಬಗ್ಗೆ ಬೇಸರವೂ ಇದೆ. ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ ಸದ್ದು ಬೇಕು ಅಂತ 1962ರ ಪ್ರಿಸಿಷನ್ ಹುಡುಕುತ್ತಾರೆ. ಆ ಸದ್ದಿನಲ್ಲಿ ಬದಲಿಸದೇ ಬಿಟ್ಟ ದಪ್ಪ, ಮೈ ನುಣುಪಾದ ಫ್ಲಾಟ್‌ವೂಂಡ್ ತಂತಿ, ಬ್ರಿಡ್ಜ್ ಮುಚ್ಚಳದಡಿಯ ಫೋಮ್ ತುಂಡು, ಒಂದೇ ತೋರುಬೆರಳು ಇವೆ. ಮೂರನ್ನೂ ಯಾವ ಪ್ರಿಸಿಷನ್ನಿಗೂ ಇವತ್ತೇ ಹಾಕಬಹುದು. ಹಳೆಯ ಫ್ಲಾಟ್‌ವೂಂಡ್ ಇರುವ ಬೇಸ್ ಸಿಕ್ಕರೆ ತಂತಿ ಬಿಸಾಡಬೇಡಿ, ಮೊದಲು ಒಂದು ವಾರ ನುಡಿಸಿ.

ತಲೆ ಭಾರವಾಗಿದೆ. ಆಂಪಿನ ವಿಷಯ ಎರಡೇ ಮಾತಲ್ಲಿ. 8 ಓಮಿನ ಎರಡು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಒಟ್ಟಿಗೆ ಹಾಕಿದರೆ 4 ಓಮ್, 4ರ ಎರಡು ಹಾಕಿದರೆ 2. ಆಂಪಿನ ಹಿಂಬದಿಯಲ್ಲಿ ಕನಿಷ್ಠ 4 ಅಂತಿದ್ದರೆ 4ರ ಎರಡು ಹಾಕಬಾರದು. ಅದಕ್ಕೇ ಮೊದಲ ಕ್ಯಾಬಿನೆಟ್ 8 ಓಮಿನದು ಕೊಳ್ಳಿ, ಮುಂದೆ ಅದರದೇ ಜೋಡಿ ಸಿಗುತ್ತದೆ. ವಾಲ್ವ್ ಆಂಪನ್ನು ಕ್ಯಾಬಿನೆಟ್ ಇಲ್ಲದೆ ಎಂದೂ ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಕ್ಯಾಬಿನೆಟ್ಟಿನ ತುದಿಗೆ ಮೀಟರ್ ಹಿಡಿದರೆ 8 ಓಮಿನದು ಆರರ ಆಸುಪಾಸು ತೋರಿಸುತ್ತದೆ, ಗಾಬರಿ ಬೇಡ. ಸ್ಪೀಕರಿನ ಕೋನನ್ನು ಎರಡೂ ಬದಿ ಸಮನಾಗಿ ಮೆಲ್ಲಗೆ ಒತ್ತಿ ಬಿಡಿ. ಗೀಚಿದ ಸದ್ದು ಕೇಳಿದರೆ ಸುರುಳಿ ಉಜ್ಜುತ್ತಿದೆ.

ದೂರದಿಂದ ತರಿಸುವುದಾದರೆ ತಂತಿಯನ್ನು ಒಂದೆರಡು ಸ್ವರ ಇಳಿಸಲು ಹೇಳಬೇಕು, ಪೂರ್ತಿ ಬಿಚ್ಚಲು ಅಲ್ಲ. ಪೂರ್ತಿ ಬಿಚ್ಚಿದರೆ ಟ್ರಸ್ ರಾಡಿನ ಎಳೆತಕ್ಕೆ ಎದುರಿಲ್ಲದೆ ನೆಕ್ ಹಿಂದಕ್ಕೆ ಹೋಗುತ್ತದೆ. ಹೆಡ್‌ಸ್ಟಾಕಿನ ಸುತ್ತ ಆಧಾರ ತುಂಬಬೇಕು, ಡಬ್ಬಿ ಬಿದ್ದಾಗ ಪೆಟ್ಟು ತಿನ್ನುವುದು ಅದೇ, ಅದರಲ್ಲೂ ಗಿಬ್ಸನ್ ಕಂಪನಿಯ ಥಂಡರ್‌ಬರ್ಡ್ ಥರದ ಓರೆ ಹೆಡ್‌ಸ್ಟಾಕ್. ದೇಶ ದಾಟಿ ಬರುವ ಬೇಸಿಗೆ ರೋಸ್‌ವುಡ್ ಹಲಗೆಯಿದ್ದರೆ, 2017ರಲ್ಲಿ ಬಿಗಿಯಾಗಿದ್ದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಮ 2019ರ ಕೊನೆಗೆ ತಯಾರಾದ ವಾದ್ಯಗಳ ಮಟ್ಟಿಗೆ ಸಡಿಲವಾಯಿತು. ಬ್ರೆಜಿಲಿನ ರೋಸ್‌ವುಡ್ಡಿಗೆ ಮಾತ್ರ ಆ ಸಡಿಲಿಕೆ ಇಲ್ಲ, 1992ರಿಂದಲೂ ಅದು ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲೇ ಇದೆ.

ಹುಡುಗ ಈಗ ಇನ್ನೊಂದು ಕೊಂಡಿ ಕಳಿಸಿದ್ದಾನೆ. ಫ್ರೆಟ್ ಕಿತ್ತು ಫ್ರೆಟ್‌ಲೆಸ್ ಮಾಡಿದ ಪ್ರಿಸಿಷನ್ ಅಂತೆ. ಇಲ್ಲಿ ಲೆಕ್ಕವೇ ಬೇರೆ. ಖಾಲಿ ಸೀಳುಗಳಿಗೆ ಮರದ ತೆಳು ಪಟ್ಟಿ ಬಿಗಿಯಾಗಿ ಅಂಟಿಸಿದ್ದಾರೋ, ಪುಟ್ಟಿ ತುಂಬಿ ಉಜ್ಜಿದ್ದಾರೋ? ಮೆತ್ತನೆಯ ಪುಟ್ಟಿಯಾದರೆ ಸೀಳು ಹಿಸುಕಿಕೊಂಡು ನೆಕ್ ಮುಂದಕ್ಕೆ ಬಾಗುತ್ತದೆ, ಟ್ರಸ್ ರಾಡ್ ಆಗಲೇ ಎಷ್ಟು ಬಿಗಿದಿದ್ದಾರೋ ಏನೋ. ಹೆಡ್‌ಸ್ಟಾಕಿನ ಬುಡದಲ್ಲಿ ತಂತಿ ಹಾದುಹೋಗುವ ನಟ್ಟಿನ (ಟ್ರಸ್ ರಾಡಿನದಲ್ಲ) ಸೀಳನ್ನಾದರೂ ಇಳಿಸಿದ್ದಾರಾ ಅಂತ ಕೇಳಬೇಕು, ಫ್ರೆಟ್ಟಿನ ಎತ್ತರ ಹೋದ ಮೇಲೆ ಹಳೆಯ ನಟ್ ಒಂದು ಮಿಲಿಮೀಟರಿನಷ್ಟು ಮೇಲೇ ನಿಂತಿರುತ್ತೆ, ಮೊದಲ ಸ್ವರಗಳನ್ನು ಒತ್ತಿದರೆ ಶ್ರುತಿಯೇ ಏರುತ್ತದೆ, ಹಾಗಾದರೆ ಆ ಹಲಗೆಯ ಮೇಲೆ ಲೇಪ ಏನು ಹಾಕಿದ್ದಾರೆ, ಮೈ ಒರಟಾದ ರೌಂಡ್‌ವೂಂಡ್ ತಂತಿ ಅದನ್ನು ಎಷ್ಟು ಆಳಕ್ಕೆ ಕೊರೆದಿದೆ, ಒಂದು ಓರೆಬೆಳಕಿನ ಫೋಟೋ ಕೇಳಬೇಕು.